ಚೀಲದಲ್ಲಿ ಈಳಿಗೆ ಮಣೆ, ಎದುರಿಗೆ ಪೊಲೀಸರು

ಅಡುಗೆಮನೆಯನ್ನು ಅರ್ಧ ಹೊತ್ತುಕೊಂಡೇ ದೇಶ ಬಿಟ್ಟು ಬರುವ ನಮ್ಮಂಥವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಇದುವರೆಗೆ ಏನನ್ನೂ ಬರೆದವನಲ್ಲ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ನಾನಿರುವುದು ಜಪಾನಿನ ಹಮಾಮತ್ಸುವಿನಲ್ಲಿ. ಕೆಲಸ, ಬೈಕಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ. ಈ ದೇಶದಲ್ಲಿ ಕಾಯಂ ಆಗಿ ಇರಲು ಅನುಮತಿ ಕೇಳಿ ಅರ್ಜಿ ಹಾಕಿ ಕಾಯುತ್ತಿದ್ದ ಕಾಲ ಅದು. ಪೊಲೀಸರ ಹತ್ತಿರ ನಮ್ಮ ಹೆಸರು ಒಂದು ಸಲ ಬಂದರೂ ಅರ್ಜಿ ಮುಗಿಯಿತು ಎಂದು ಯಾರೋ ಹೆದರಿಸಿದ್ದರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಸೇತುವೆಯ ನಡುವೆ

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಮ್ಮ ಅಮೆರಿಕನ್ ಸಹೋದ್ಯೋಗಿ ತಮ್ಮ ದೇಶದ ಪಿಸ್ತೂಲಿನ ಕಾನೂನು ವಿವರಿಸುತ್ತಿದ್ದರು. ಒಂದು ರಾಜ್ಯದಲ್ಲಿ ಕೋಟಿನೊಳಗೆ ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡಲು ಪರ್ಮಿಟ್ ಬೇಕು. ಇನ್ನೊಂದರಲ್ಲಿ ಬೇಡವೇ ಬೇಡ. ಮತ್ತೊಂದರಲ್ಲಿ ಪಕ್ಕದ ರಾಜ್ಯದ ಪರ್ಮಿಟ್ ನಡೆಯುವುದಿಲ್ಲ. ನದಿ ದಾಟಿದರೆ ಕಾನೂನೇ ಬೇರೆ.

ನಮ್ಮ ಕಾಚೋ-ಸಾನ್ ಊಟ ನಿಲ್ಲಿಸಿ ಕೇಳಿದರು. ಕಾಚೋ ಎಂದರೆ ವಿಭಾಗದ ಮುಖ್ಯಸ್ಥರು, ಸಾನ್ ಎಂಬುದು ನಮ್ಮ ‘ಅವರು’ ಇದ್ದ ಹಾಗೆ.

“ಸೇತುವೆಯ ನಡುವೆ ಕಾರು ಕೆಟ್ಟು ನಿಂತರೆ?”

“ಮುಂದಿನ ಸೀಟಿನವನು ಅಪರಾಧಿ, ಹಿಂದಿನ ಸೀಟಿನವನು ಮರ್ಯಾದಸ್ಥ,” ಎಂದರು ಅಮೆರಿಕನ್.

ಕಾಚೋ-ಸಾನ್ ನನ್ನ ಕಡೆ ತಿರುಗಿದರು. ನಮ್ಮಲ್ಲೂ ಬಂದೂಕಿಗೆ ಲೈಸೆನ್ಸ್ ಬೇಕು, ಆದರೆ ಕೊಡಗು ಎಂಬ ಜಿಲ್ಲೆಯ ಕೊಡವರಿಗೆ ಅದರಿಂದ ವಿನಾಯಿತಿ ಇದೆ, ಅವರಿಗೆ ಬಂದೂಕು ಪೂಜೆಯ ವಸ್ತು, ಮಗು ಹುಟ್ಟಿದರೆ ಗಾಳಿಯಲ್ಲಿ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ ಎಂದೆಲ್ಲ ವಿವರಿಸಿದೆ.

ಅವರು ಕಾಳಜಿಯಿಂದ, “ಮಗು ಎದ್ದುಬಿಡುವುದಿಲ್ಲವೇ?” ಎಂದರು.

ಮನೆಯ ಕಾನೂನು

ಯುಗಾದಿ ಯಾವ ವಾರ ಬಂದರೂ ಮುಂದಿನ ಭಾನುವಾರ ಮಾಡುವುದು ಇಲ್ಲಿಯ ಕನ್ನಡಿಗರ ಪದ್ಧತಿ, ಏಕೆಂದರೆ ಯುಗಾದಿಗೆ ಇಲ್ಲಿ ರಜೆ ಇಲ್ಲ. ಆ ಸಲದ ಊಟ ನಗೋಯಾದ ಒಂದು ಹಾಲ್‌ನಲ್ಲಿ. ಕೋಸಂಬರಿ, ಕಾಯಿತುರಿ ನನ್ನ ಹೆಂಡತಿಯ ಪಾಲಿಗೆ ಬಂದಿತ್ತು. ಪಾತ್ರೆಗಳ ಜೊತೆ ಅವಳು ಬೆಳಿಗ್ಗೆಯೇ ಹೋಗುವುದು, ಈಳಿಗೆ ಮಣೆ ಮತ್ತು ಸೌತೆಕಾಯಿ ನಾನು ಆಮೇಲೆ ರೈಲಿನಲ್ಲಿ ತರುವುದು ಎಂದಾಯಿತು.

ಈಳಿಗೆ ಮಣೆ ನಿಮಗೆ ಗೊತ್ತೇ ಇದೆ. ಆದರೂ ಹೇಳಿಬಿಡುತ್ತೇನೆ: ಒಂದು ಮಣೆ, ಅದರ ಮೇಲೆ ಕತ್ತಿಯ ಹಾಗೆ ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ನನ್ನ ಅತ್ತೆ ಅದನ್ನು ಮೈಸೂರಿನಿಂದ ಸೂಟ್‌ಕೇಸಿನಲ್ಲಿ ತಂದುಕೊಟ್ಟಿದ್ದರು.

“ಪೊಲೀಸರು ಹಿಡಿದ್ರೆ ಅರ್ಜಿ ಗತಿ ಏನೇ? ಮಿಕ್ಸಿಲಿ ತಿರುವ್ಬಾರ್ದಾ?” ಎಂದೆ.

“ರೀ, ಮಿಕ್ಸಿಲಿ ಮಾಡಿದ್ರೆ ಅದು ತುರಿ ಅಲ್ಲ, ಚಟ್ನಿ. ಅಮೆರಿಕದಲ್ಲಿ ಜೇಬಲ್ಲಿ ಪಿಸ್ತೂಲ್ ಇಟ್ಕೊಂಡ್ ತಿರುಗ್ತಾರೆ, ನಿಮಗೆ ಸೌತೆಕಾಯಿ ಹೆಚ್ಚೋದಕ್ಕೆ ಭಯ!”

ಸಲಹೆಗಳು

ಹೆದರಿಕೆ ಹೋಗದೆ ಆಫೀಸಿನಲ್ಲಿ ಕೇಳಿದೆ.

“ನಮ್ಮ ರಾಜ್ಯದಲ್ಲಿ ಬಚ್ಚಿಟ್ಟರೆ ಪರ್ಮಿಟ್ ಬೇಕು, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಹೋದರೆ ಬೇಡ,” ಎಂದರು ಅಮೆರಿಕನ್.

“ಇಲ್ಲಿ ಕಾಣುವಂತೆ ಹಿಡಿದರೆ ಇಡೀ ರೈಲು ಖಾಲಿಯಾಗುತ್ತದೆ. ಕೂರಲು ಜಾಗವೇನೋ ಸಿಗುತ್ತದೆ,” ಎಂದರು ಕಾಚೋ-ಸಾನ್. “ಚೆನ್ನಾಗಿ ಸುತ್ತಿ ಕಟ್ಟಿ. ಒಯ್ಯಲು ಸರಿಯಾದ ಕಾರಣ ಇರಲಿ. ಇಲ್ಲಿ ಪರ್ಮಿಟ್ ಅಲ್ಲ, ಕಾರಣ ಕೇಳುತ್ತಾರೆ.”

ಸರಿ, ರಟ್ಟು ಸುತ್ತಿ, ಅದರ ಮೇಲೆ ಹಳೆಯ ಸೀರೆ ಸುತ್ತಿ, ಹಗ್ಗ ಬಿಗಿದೆ. ಕಾರಣ ಯಾರೂ ಕೇಳದೆಯೇ ತಿಳಿಯಲಿ ಎಂದು ಜಪಾನಿ ಭಾಷೆಯಲ್ಲಿ ಚೀಟಿ ಬರೆದು ಅಂಟಿಸಿದೆ: ‘ಒಳಗೆ ಹರಿತವಾದ ವಸ್ತು ಇದೆ. ತರಕಾರಿಗೆ ಮಾತ್ರ.’ ಸಾಲದೇನೋ ಅನ್ನಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಮನುಷ್ಯರ ಮೇಲೆ ಬಳಸುವುದಿಲ್ಲ.’

ರೈಲಿನಲ್ಲಿ ನನ್ನ ಅಕ್ಕಪಕ್ಕ ಯಾರೂ ಕೂರಲಿಲ್ಲ.

ಚೌಕಿಯಲ್ಲಿ

ನಗೋಯಾ ನಿಲ್ದಾಣದ ಹೊರಗೆ ಒಬ್ಬ ಯುವ ಪೊಲೀಸ್ ಪೇದೆ ನಿಂತಿದ್ದರು. ನನ್ನನ್ನು ಅವರು ನೋಡಿಯೂ ಇರಲಿಲ್ಲ. ನಾನೇ ಹತ್ತಿರ ಹೋಗಿ, ಬಗ್ಗಿ, ಕ್ಷಮೆ ಕೇಳುವ “ಸುಮಿಮಾಸೆನ್” ಹೇಳಿ, “ಈ ಚೀಲದಲ್ಲಿ ಅಪಾಯಕಾರಿಯಾದದ್ದು ಏನೂ ಇಲ್ಲ,” ಎಂದೆ.

ಸ್ವಲ್ಪ ಹೊತ್ತಿಗೆ ನಾನು ಪೊಲೀಸ್ ಚೌಕಿಯೊಳಗೆ ಕುರ್ಚಿಯ ಮೇಲಿದ್ದೆ, ಮಣೆ ಮೇಜಿನ ಮೇಲಿತ್ತು.

“ಹಿಡಿ ಎಲ್ಲಿ?” ಎಂದರು.

“ಹಿಡಿ ಇಲ್ಲ. ಇದನ್ನು ಕಾಲಿನಿಂದ ಹಿಡಿಯುವುದು.”

ಅವರು ನನ್ನ ಷೂ ನೋಡಿದರು. ಬಾಯಿಮಾತಿಗೆ ಅರ್ಥವಾಗದು ಎಂದು ನೆಲದ ಮೇಲೆ ಸೀರೆ ಹಾಸಿ, ಷೂ ಬಿಚ್ಚಿ, ಮಣೆಯ ಮೇಲೆ ಕಾಲಿಟ್ಟು ಕೂತು ಒಂದು ಸೌತೆಕಾಯಿ ಹೆಚ್ಚಿ ತೋರಿಸಿದೆ. ಅವರು ಹಿರಿಯ ಅಧಿಕಾರಿಗೆ ಫೋನ್ ಮಾಡಿದರು.

“ಹೌದು, ಅಲಗು ಉದ್ದವೇ ಇದೆ... ಇಲ್ಲ ಸರ್, ಬೀಸಲು ಆಗುವುದಿಲ್ಲ, ಅದರ ಮೇಲೆ ಅವರೇ ಕಾಲಿಟ್ಟು ಕೂತಿದ್ದಾರೆ... ಅಲಗು ಅಲುಗುವುದಿಲ್ಲ. ಸೌತೆಕಾಯಿಯೇ ಅದರ ಕಡೆ ಹೋಗುತ್ತದೆ.” ಆ ಕಡೆಯಿಂದ ಏನೋ ಕೇಳಿದರು. ಇವರು ಮಣೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದರು:

“ಆಗಬಹುದು ಸರ್. ಆದರೆ ಗಾಯವಾಗಬೇಕಾದವರು ತಾವಾಗಿಯೇ ಬಂದು ಬಗ್ಗಬೇಕು.”

ಸರಿಯಾದ ಕಾರಣ

ಹಿರಿಯರಿಗೆ ಸೌತೆಕಾಯಿ ಒಪ್ಪಿಗೆಯಾಯಿತು, ಆದರೆ ತುದಿಯ ಹಲ್ಲುಗಳ ಬಗ್ಗೆ ಅನುಮಾನ ಉಳಿಯಿತು. ತೆಂಗಿನಕಾಯಿ ಇರುವ ಹಾಲ್‌ಗೇ ಹೋಗಿ ತುರಿಯುವುದನ್ನು ಕಣ್ಣಾರೆ ನೋಡಿ ಬಾ ಎಂದು ಅಪ್ಪಣೆಯಾಯಿತು. ಯುವ ಪೇದೆ ಮಣೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆದರು. ನನ್ನ ಅರ್ಜಿಯ ಶವಯಾತ್ರೆ ಎಂದುಕೊಂಡು ನಾನು ಹಿಂದೆ ನಡೆದೆ.

ನಮ್ಮನ್ನು ಕಂಡು ಹಾಲ್‌ನಲ್ಲಿ ಎಲ್ಲರೂ ಎದ್ದು ನಿಂತರು. ನನ್ನ ಹೆಂಡತಿ ಮಾತ್ರ ಕೂತಲ್ಲಿಂದಲೇ, “ಎಷ್ಟು ಹೊತ್ರೀ! ಸದ್ಯ, ಜೊತೆಗೆ ಒಬ್ಬರನ್ನ ಕರ್ಕೊಂಡ್ ಬಂದ್ರಲ್ಲ. ಅವರು ತುರೀತಾರಾ?” ಎಂದಳು.

ಅವರು ತುರಿಯಲು ಬಂದವರಲ್ಲ, ನೋಡಲು ಬಂದವರು ಎಂದು ನಾನು ವಿವರಿಸುವಷ್ಟರಲ್ಲಿ ಅವಳು ಅವರ ಕೈಗೆ ಕಾಯಿಯ ಹೋಳು ಕೊಟ್ಟಾಗಿತ್ತು. ಇಷ್ಟು ಜನ ನೋಡುತ್ತಿರುವಾಗ ಬೇಡ ಎನ್ನುವುದು ಅವರಿಗೆ ಅಸಭ್ಯ ಅನ್ನಿಸಿರಬೇಕು. ಟೋಪಿ ತೆಗೆದರು, ಷೂ ಬಿಚ್ಚಿದರು, ಮಣೆಯ ಮೇಲೆ ಕೂತರು. ಮೊದಲು ತುರಿಯ ಜೊತೆ ಕರಟವೂ ಬಂತು, ಆಮೇಲೆ ಬಿಳಿ ತುರಿ ಹೂವಿನ ಹಾಗೆ ಬೀಳತೊಡಗಿತು.

“ನನ್ನ ಅರ್ಜಿ?” ಎಂದು ಮೆಲ್ಲಗೆ ಕೇಳಿದೆ.

“ಇದರಲ್ಲಿ ತಪ್ಪೇನೂ ಇಲ್ಲ. ಚಿಂತೆ ಬೇಡ,” ಎಂದರು. ತಲೆ ಎತ್ತಲಿಲ್ಲ, ಕೈಯೂ ನಿಲ್ಲಲಿಲ್ಲ. ಒಂದು ಹೋಳು ಮುಗಿಸಿ, ಇನ್ನೊಂದಕ್ಕೆ ಕೈ ಚಾಚುತ್ತ ಕೇಳಿದರು: “ನಿಮ್ಮ ದೇಶದಲ್ಲಿ ಇದನ್ನು ಇಟ್ಟುಕೊಳ್ಳಲು ನಿಜವಾಗಿಯೂ ಪರ್ಮಿಟ್ ಬೇಡವೇ?”

ಅದನ್ನು ನಾನು ಹೆಂಡತಿಗೆ ಕನ್ನಡದಲ್ಲಿ ಹೇಳಿದೆ.

“ಬೇಡ ಅಂತ ಹೇಳ್ರಿ,” ಎಂದಳು. “ಮದುವೆ ಆಗಿದ್ರೆ ಸಾಕು.”