ಕೋಟಿನ ಕೈ

ಕುಸಾಕಾನ ಫಜೀತಿಗೆ ಕಾರಣ ಒಂದು ಹಸ್ತಲಾಘವ. ಯುದ್ಧದ ಹುರುಪು ಏರಿಸಲು ನೌಕಾಪಡೆ ಮಕ್ಕಳಿಗೆಂದು ಮಾಡಿಸುತ್ತಿದ್ದ ಕಾರ್ಟೂನ್ ಚಿತ್ರದಲ್ಲಿ, ಸೋತ ಬಿಳಿಯ ಜನರಲ್ ಮೊಲದ ಸಿಪಾಯಿಯ ಕೈ ಕುಲುಕಲು ಬರಬೇಕಿತ್ತು. ಅದನ್ನು ಬಿಡಿಸಬೇಕಾದ ಕುಸಾಕಾ ಟೋಕಿಯೊದಲ್ಲಿ ತಲೆಬಾಗಿ ನಮಸ್ಕರಿಸಿಯೇ ಬೆಳೆದವನು. ನಲವತ್ತಾರು ವರ್ಷದಲ್ಲಿ ಒಬ್ಬರ ಕೈಯನ್ನೂ ಕುಲುಕಿರಲಿಲ್ಲ. ಸ್ಟುಡಿಯೊದ ಗೆಳೆಯರೆಲ್ಲ ಯುದ್ಧಕ್ಕೆ ಹೋಗಿದ್ದರು. ಹೆಂಡತಿ ಸತ್ತು ಮೂರು ವರ್ಷ. ಅಭ್ಯಾಸಕ್ಕಾದರೂ ಒಂದು ಕೈ ಬೇಡವೇ?

ಭಾನುವಾರ ಬೆಳಿಗ್ಗೆ ಹಳೇ ಕೋಟನ್ನು ಗೂಟಕ್ಕೆ ಸಿಕ್ಕಿಸಿ, ತೋಳಿಗೆ ಕಾಗದ ತುರುಕಿ, ತುದಿಗೆ ಬಿಳಿ ಕೈಗವಸು ಕಟ್ಟಿ ಕುಲುಕಿದ. ನಾಲ್ಕನೆಯ ಸಲಕ್ಕೆ ಬಾಯಿಗೆ ಮಾತೂ ಬಂತು.

"ಬನ್ನಿ, ಬನ್ನಿ. ಎಷ್ಟು ದಿನ ಆಯ್ತು ಈ ಕಡೆ ಬಂದು. ಚಹಾ ಕುಡಿದೇ ಹೋಗ್ಬೇಕು."

ಕೋಟು ಬೇಡವೆನ್ನಲಿಲ್ಲ. ಅವನು ಎರಡು ಬಟ್ಟಲಿಗೆ ಸುರಿದ.

ಬೀದಿಯ ನೆರೆಕೂಟದವರು ಮನೆಯಿಂದ ಮನೆಗೆ ದಾಟಿಸುವ ಸುತ್ತೋಲೆ ಹಲಗೆ ಕೊಡಲು ಬಂದ ತೋಮೆ ಅಜ್ಜಿ ಕಾಗದದ ಬಾಗಿಲಿನ ತೂತಿಗೆ ಕಣ್ಣಿಟ್ಟಳು. ತೂತು ಅವಳ ಬೆರಳಿನದೇ ಕೆಲಸ. ಬೆಳ್ಳನೆ ಕೈಯೊಂದನ್ನು ಹಿಡಿದು ಕುಸಾಕಾ ಹಲ್ಲು ಕಿರಿಯುತ್ತಿದ್ದ. ಅಜ್ಜಿ ಬಾಣಲೆಗೆ ಬಿದ್ದ ಎಳ್ಳಿನಂತೆ ಸಿಡಿದು ಓಡಿದಳು.

ಹತ್ತೇ ನಿಮಿಷಕ್ಕೆ ನೆರೆಕೂಟದ ಮುಖ್ಯಸ್ಥ ಹಿರಾಗಾ ಬಿದಿರಿನ ಈಟಿ ಹಿಡಿದು ಬಂದ. ಹಿಂದೆ ಅಜ್ಜಿ, ಜೊತೆಗೆ ನಾಲ್ವರು.

"ಎಲ್ಲಯ್ಯಾ ಆ ಬಿಳಿಯ? ಅವನಿಗೆ ಚಹಾ ಬೇರೆ. ನಮಗೆ ಯಾವತ್ತಾದ್ರೂ ಕೊಟ್ಟಿದ್ಯಾ?"

"ನೀವು ಯಾವತ್ತು ಬಂದಿದ್ರಿ?" ಎಂದ ಕುಸಾಕಾ.

ಅಜ್ಜಿ ಅಕ್ಕಿ ಡಬ್ಬ ತೆರೆದಳು.

"ಅದ್ರಲ್ಲಿ ಆಳು ಹಿಡೀತಾನಾ ಅಜ್ಜಿ?" ಎಂದ ಹಿರಾಗಾ.

"ಖಾಲಿ ಇದೆಯಲ್ಲ, ಹಿಡಿದ್ರೂ ಹಿಡಿದಾನು."

ಕೋಟು ಸಿಕ್ಕಿತು. ಅನುಮಾನ ಇನ್ನೂ ಹೆಚ್ಚಿತು. "ಇದನ್ನ ಬಿಟ್ಟು ಓಡಿದಾನೆ. ಯಾರವನು? ಹೇಳು," ಎಂದ ಹಿರಾಗಾ. ಚಿತ್ರದ ಬಗ್ಗೆ ಬಾಯಿಬಿಟ್ಟರೆ ಜೈಲು ಎಂದು ನೌಕಾಪಡೆ ಬರೆಸಿಕೊಂಡಿತ್ತು. ಬಿಡದಿದ್ದರೆ ಇವರೇ ಜೈಲಿಗೆ ಹಾಕಿಸುವವರು. ಕುಸಾಕಾ ತಲೆ ತಗ್ಗಿಸಿ ಹೊಸ್ತಿಲು ನೋಡಿದ. ಅಲ್ಲಿ ಆರು ಜೊತೆ ಚಪ್ಪಲಿ. ಹೆಂಡತಿಯ ಶವ ಎತ್ತಿದ ಮೇಲೆ ಅಲ್ಲಿ ಅಷ್ಟು ಚಪ್ಪಲಿ ಬಿದ್ದದ್ದು ಇವತ್ತೇ.

ಪೊಲೀಸರಿಗೆ ಹೇಳಿಕಳಿಸಿದರು. ಗೂಢಚಾರನನ್ನು ಒಬ್ಬನನ್ನೇ ಬಿಡುವಂತಿಲ್ಲವೆಂದು ಎಲ್ಲರೂ ಕಾವಲು ಕೂತರು. ಸುಮ್ಮನೆ ಎಷ್ಟು ಹೊತ್ತು ಕೂರುವುದು? ಚಹಾ ಆಯಿತು. ಅಜ್ಜಿ ಸೊಸೆಯನ್ನು ಬೈದಳು. ಹಿರಾಗಾ ಮಂಡಿ ನೋವು ತೋಡಿಕೊಂಡ. ಒಬ್ಬಳು ಸುಟ್ಟ ಗೆಣಸು ತಂದು ಕುಸಾಕಾನಿಗೂ ಒಂದು ತುಂಡು ಮುರಿದುಕೊಟ್ಟಳು. ಪೊಲೀಸರು ನಿಧಾನವಾಗಿ ಬರಲಿ ಎಂದು ಕುಸಾಕಾ ಬೇಡಿಕೊಳ್ಳುತ್ತಿದ್ದ.

ಸಂಜೆ ಪೊಲೀಸರು ಸ್ಟುಡಿಯೊದಲ್ಲಿ ವಿಚಾರಿಸಿ, ನೌಕಾಪಡೆಯ ಅಧಿಕಾರಿಯನ್ನೇ ಕರೆತಂದರು. "ಇವರು ನಮ್ಮವರು. ಕೆಲಸ ಗುಟ್ಟಿನದು. ಯಾರೂ ಇವರಿಗೆ ತೊಂದರೆ ಕೊಡಕೂಡದು," ಎಂದ ಅಧಿಕಾರಿ. ಆರೂ ಜನ ಹಣೆ ನೆಲಕ್ಕೆ ತಾಗುವಂತೆ ಬಾಗಿದರು.

"ಮುಂದಿನ ಭಾನುವಾರಾನೂ ಬನ್ನಿ," ಎಂದ ಕುಸಾಕಾ. ಯಾರೂ ತಲೆ ಎತ್ತಲಿಲ್ಲ.

ಅವನು ಬಟ್ಟಲು ತೊಳೆದು ಬರುವಷ್ಟರಲ್ಲಿ ಬಾಗಿಲಿನ ತೂತಿಗೆ ಹೊರಗಿನಿಂದ ಹೊಸ ಕಾಗದ ಅಂಟಿಸಿದ್ದರು. ಹೊಸ್ತಿಲ ಮೇಲೆ ಸುತ್ತೋಲೆ ಹಲಗೆ: "ಕುಸಾಕಾ ಅವರ ಮನೆಯಲ್ಲಿ ದೇಶದ ಕೆಲಸ ನಡೆದಿದೆ. ಅಧಿಕಾರಿಗಳ ಅಪ್ಪಣೆಯಂತೆ ಯಾರೂ ಅವರ ಬಾಗಿಲು ತಟ್ಟಕೂಡದು, ಅವರನ್ನು ಮಾತನಾಡಿಸಕೂಡದು."

ಓದಿ ಒಪ್ಪಿದ್ದಕ್ಕೆ ಪ್ರತಿ ಮನೆಯವರೂ ಮುದ್ರೆ ಒತ್ತಬೇಕು. ಆರು ಮುದ್ರೆ ಆಗಲೇ ಬಿದ್ದಿದ್ದವು. ಕುಸಾಕಾ ಏಳನೆಯದನ್ನು ಒತ್ತಿದ.