ನಾಲಿಗೆ ನೋಡುವ ಮಾವ

ನನ್ನ ಸೋದರಮಾವ ಮನುಷ್ಯರ ಮುಖ ನೋಡುವುದನ್ನು ಬಿಟ್ಟು ವರ್ಷವಾಗುತ್ತ ಬಂತು. ಈಗ ಅವರು ನೋಡುವುದು ನಾಲಿಗೆ ಮಾತ್ರ! ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಫ್ಲ್ಯಾಟಿಗೆ ಬಂದರೆ ಚಪ್ಪಲಿ ಕಳಚುವ ಮೊದಲೇ "ನಾಲಿಗೆ ತೋರ್ಸು" ಅನ್ನುತ್ತಾರೆ. ಬಾಗಿಲಲ್ಲೇ ನಾಲಿಗೆ ಚಾಚಿ ಹಿರಿಯರನ್ನು ಬರಮಾಡಿಕೊಳ್ಳುವ ಇಂಥ ಸಂಸ್ಕಾರವಂತ ಮನೆ ನಿಮಗೆ ಇನ್ನೆಲ್ಲಿ ಸಿಗಬೇಕು?

ಇದಕ್ಕೆಲ್ಲ ಕಾರಣ ಅವರ ಸೊಂಟ. ಹೋದ ವರ್ಷ ಊರಲ್ಲಿ ನನ್ನ ಅಮ್ಮ, ಅಂದರೆ ಮಾವನ ಅಕ್ಕ, ತೀರಿಕೊಂಡರು. ಸಿಕ್ಕಿದ ವಿಮಾನ ಹತ್ತಿ ನಾವಿಬ್ಬರೂ ಉಡುಪಿ ಮುಟ್ಟುವಾಗ ಎಲ್ಲ ಮುಗಿದಿತ್ತು, ಮುಖ ನೋಡಲಾಗಲಿಲ್ಲ. ವಾಪಸು ಬಂದ ಮೇಲೆ ನನಗೆ ಒಣಕೆಮ್ಮು ಹಿಡಿಯಿತು, ಮಾವನಿಗೆ ಸೊಂಟ ಹಿಡಿಯಿತು. ನಾನು ಎಲ್ಲರಂತೆ ಆಸ್ಪತ್ರೆಗೆ ಹೋದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ರಕ್ತದಲ್ಲಿ ಏನೂ ಇಲ್ಲ, ಕೆಮ್ಮು ಮಾತ್ರ ಇದ್ದಲ್ಲೇ ಇದೆ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋಡೌನೊಂದರಲ್ಲಿ ಸೂಪರ್‌ವೈಸರ್ ಆಗಿರುವ ಮಾವ ಯಾರದೋ ಮಾತು ಕೇಳಿ ಜುಮೇರಾ ಲೇಕ್ ಟವರ್ಸ್‌ನ ಚೀನೀ ವೈದ್ಯೆಯೊಬ್ಬರ ಬಳಿ ಹೋದರು. ಆಕೆ ಸಾಲಾಗಿ ಸೂಜಿ ಚುಚ್ಚಿದರು. ಸೊಂಟ ನೆಟ್ಟಗಾಯಿತು, ತಲೆ ಸ್ವಲ್ಪ ವಾಲಿತು.

ಅಂದಿನಿಂದ ಮಾವ ಅರ್ಧ ಚೀನೀ ಪಂಡಿತರು. ಮೈಯೊಳಗೆ ಪ್ರಾಣಶಕ್ತಿ ಓಡಾಡುವ ದಾರಿಗಳಿವೆಯಂತೆ. ಸಂಜೆಯ ಟ್ರಾಫಿಕ್ಕಿನ ಹಾಗೆ ಅಲ್ಲಿ ಜಾಮ್ ಆದರೆ ನೋವಂತೆ. ತೇವ ಸೇರಿದರೆ ಮೈ ಭಾರವಂತೆ, ಐಸ್ ನೀರು ಕುಡಿದರೆ ಹೊಟ್ಟೆಯ ಬೆಂಕಿ ಆರುತ್ತದಂತೆ. ಆಗಸ್ಟಿನ ಮಟಮಟ ಮಧ್ಯಾಹ್ನ ಫ್ಲಾಸ್ಕಿನಿಂದ ಹಬೆಯಾಡುವ ಬಿಸಿನೀರು ಬಗ್ಗಿಸಿ ಕುಡಿಯುವವರನ್ನು ನೀವು ನೋಡಿದ್ದೀರಾ? ನಮ್ಮಲ್ಲಿಗೆ ಬನ್ನಿ, ಪುಕ್ಕಟೆ ತೋರಿಸುತ್ತೇನೆ!

ಒಮ್ಮೆ ನನ್ನ ಮಗಳ ನಾಲಿಗೆ ನೋಡಿ ಮಾವ ಹೌಹಾರಿದರು.

"ನೇರಳೆ ಬಣ್ಣ! ರಕ್ತ ಕಟ್ಟಿಕೊಂಡಿದೆ ಮಾರಾಯ್ತಿ. ನೀನೆಂತ ನೋಡ್ತಾ ಕೂತಿದ್ದಿ?"

"ಅಜ್ಜ, ಇಟ್ಸ್ ಜಸ್ಟ್ ಗ್ರೇಪ್ ಸ್ಲಶ್," ಎಂದಳು ಮಗಳು, ಮೊಬೈಲಿನಿಂದ ತಲೆಯೆತ್ತದೆ.

"ಐಸಾ!" ಎಂದು ಮಾವ ಎರಡನೇ ಸಲ ಹೌಹಾರಿದರು.

ಇನ್ನೊಂದು ದಿನ ಕೆಳಗಿನ ಮಹಡಿಯ ಭಟ್ಕಳದ ಸಾಹೇಬರು ಬೆಲ್ ಒತ್ತಿದರು. ಬಟ್ಟೆ ವ್ಯಾಪಾರದವರು, ಮಾತು ಕಡಿಮೆ. ಅವರು ಬಾಯಿ ತೆರೆಯುವ ಮೊದಲೇ ಮಾವ ಅವರ ಮಣಿಕಟ್ಟು ಹಿಡಿದು, ಮೂರು ಬೆರಳಿಟ್ಟು, ಕಣ್ಣು ಮುಚ್ಚಿಕೊಂಡರು.

"ನಾಡಿ ತಂತಿ ಹಾಗೆ ಬಿಗಿ ಉಂಟು. ನಿಮ್ಮ ಲಿವರಿನಲ್ಲಿ ಸಿಟ್ಟು ಕೂತಿದೆ."

"ಲಿವರಿನಲ್ಲಿ ಎಂತದೂ ಇಲ್ಲ ಭಾಯಿ, ನನ್ನ ಪಾರ್ಕಿಂಗಿನಲ್ಲಿ ನಿಮ್ಮ ಕಾರು ಉಂಟು. ಅದನ್ನು ತೆಗೀರಿ, ಸಿಟ್ಟು ಖಲಾಸ್!"

ಇಷ್ಟು ದೊಡ್ಡ ಪಂಡಿತರಿಗೆ ಬಗ್ಗದ ಒಂದೇ ಒಂದು ಕಾಯಿಲೆ ನನ್ನ ಕೆಮ್ಮು. ಸೇವಂತಿಗೆ ಹೂವಿನ ಚಹಾ ಕುಡಿಸಿದರು. ಪೇರ್ ಹಣ್ಣು ಬೇಯಿಸಿ ತಿನ್ನಿಸಿದರು. ಆ ಕ್ಲಿನಿಕ್ಕಿಗೇ ಕರೆದುಕೊಂಡು ಹೋಗಿ ಬೆನ್ನಿಗೆ ಗಾಜಿನ ಬಟ್ಟಲು ಕಚ್ಚಿಸಿದರು. ಬೆನ್ನ ಮೇಲೆ ದೋಸೆ ಹುಯ್ದ ಹಾಗೆ ದುಂಡು ದುಂಡು ಗುರುತು ಬಂತು, ಕೆಮ್ಮು ಹೋಗಲಿಲ್ಲ.

"ಶ್ವಾಸಕೋಶ ಅಂದ್ರೆ ದುಃಖದ ಮನೆ," ಎಂದರು ಮಾವ. "ಡಾಕ್ಟ್ರಮ್ಮ ಹೇಳಿದ್ದು. ನೀನು ಅಳ್ಲೇ ಇಲ್ಲ ಅಲ್ವಾ? ಅದು ಒಳಗೇ ಕೂತಿದೆ."

"ವೀಸಾ ಮುಗಿದ್ರೂ ಹೋಗದವರ ಹಾಗಾ ಮಾವ?" ಎಂದು ನಾನು ನಕ್ಕೆ. ನಕ್ಕಿದ್ದಕ್ಕೆ ಮತ್ತಷ್ಟು ಕೆಮ್ಮು ಬಂತು.

ಹೋದ ಭಾನುವಾರವೂ ಮಾವ ದುಬೈಯಿಂದ ಕಾರು ಓಡಿಸಿಕೊಂಡು ಬಂದು ನನ್ನ ನಾಡಿ ಹಿಡಿದು ಕೂತರು. ಐದು ನಿಮಿಷವಾದರೂ ಬಿಡಲಿಲ್ಲ. ನನಗೆ ತಾಳ್ಮೆ ತಪ್ಪಿತು.

"ಉಷ್ಣ, ಶೀತ, ಬಿಸಿನೀರು ಕುಡಿ! ಇದನ್ನೆಲ್ಲ ಅಮ್ಮ ಅಡುಗೆಮನೆಯಲ್ಲೇ ನಿಂತು ಹೇಳ್ತಿರ್ಲಿಲ್ವಾ ಮಾವ? ಇದಕ್ಕೆ ಚೀನಾದವರೇ ಬೇಕಿತ್ತಾ?"

ಮಾವ ಕಣ್ಣು ತೆರೆಯಲಿಲ್ಲ.

"ಹೇಳ್ತಿದ್ಳು. ಫೋನ್ ಮಾಡಿದಾಗೆಲ್ಲ ಹೇಳ್ತಿದ್ಳು. ಎಸಿ ಕೆಳಗೆ ಮಲಗ್ಬೇಡ, ತಣ್ಣೀರು ಕುಡೀಬೇಡ ಅಂತ. ನಾನು ನಗಾಡ್ತಿದ್ದೆ, ಈಗ ನೀನು ನಗಾಡ್ತಿಯಲ್ಲ, ಹಾಗೇ. ಆ ಡಾಕ್ಟ್ರಮ್ಮ ಮೊದಲ ದಿನ ನನ್ನ ಕೈ ಹಿಡಿದು ಬಿಸಿನೀರು ಕುಡೀರಿ ಅಂದ್ರು. ಅಕ್ಕನೇ ಹೇಳಿದ ಹಾಗಾಯ್ತು. ಮತ್ತೆ ನಗಾಡ್ಲಿಕ್ಕೆ ಆಗ್ಲಿಲ್ಲ ನಂಗೆ."

ನಾನು ಕೈ ಬಿಡಿಸಿಕೊಂಡು ಅವರ ಮಣಿಕಟ್ಟು ಹಿಡಿದೆ. ಅವರ ಹಾಗೆಯೇ ಮೂರು ಬೆರಳಿಟ್ಟೆ.

"ಎಂತ ಗೊತ್ತಾಯ್ತು?" ಎಂದರು.

"ನೀವೂ ಅಳ್ಲಿಲ್ಲ ಮಾವ."

ಗೋಡೌನಿನಲ್ಲಿ ಅಷ್ಟು ಜನರನ್ನು ಗದರಿಸುವ ಮನುಷ್ಯ ನಮ್ಮ ಸೋಫಾದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಅಮ್ಮ ಹೋದ ಮೇಲೆ ಅದೇ ಮೊದಲ ಸಲ. ಕೆಮ್ಮು ಹೋಯಿತೇ ಎಂದು ದಯವಿಟ್ಟು ಕೇಳಬೇಡಿ, ಅಳುವಾಗ ಗಮನಿಸಲಿಲ್ಲ.

ಹೊರಗೆ ಬಿಸಿಲು ಧಗಧಗ ಉರಿಯುತ್ತಿತ್ತು. ಮಾವನ ಫ್ಲಾಸ್ಕು ತೆಗೆದು ಎರಡು ಲೋಟಕ್ಕೆ ಬಿಸಿನೀರು ಬಗ್ಗಿಸಿದೆ. ಇಬ್ಬರೂ ಊದಿ ಊದಿ ಕುಡಿದೆವು. ಅಮ್ಮನ ಮಾತನ್ನು ನಾವಿಬ್ಬರೂ ಎದುರಾಡದೆ ಕೇಳಿದ್ದು ಅವತ್ತೇ.