ಅನ್ಯಗ್ರಹದಿಂದ ಶ್ರೀನಿವಾಸಪುರಕ್ಕೆ

ನಮ್ಮ ಸೋದರಮಾವ ಬೇರೆ ಗ್ರಹದಿಂದ ಬಂದವರು. ನಗಬೇಡಿ. ಇದನ್ನು ಒಂದು ಭಾನುವಾರ ಸಂಜೆ ಟೀವಿಯಲ್ಲಿ ಊರೂರಿನ ಜನ ಕಣ್ಣಾರೆ ನೋಡಿದ್ದಾರೆ. ನಾನು ನೋಡಿದೆನೋ ಇಲ್ಲವೋ, ಅದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡ ಉದ್ದನೆಯ ಆಕೃತಿಯೊಂದು ಬಂಡೆಯ ಸಂದಿಯಿಂದ ಕೈಯೆತ್ತಿಕೊಂಡು ಬರುವುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅಮ್ಮ ಹೇಳುತ್ತಾಳೆ, "ಅವತ್ತು ಕರೆಂಟೇ ಇರ್ಲಿಲ್ಲ ಕಣೋ. ನೀನು ನೋಡಿದ್ದು ಬರೀ ಕಪ್ಪು ಗಾಜು." ಹಾಗಾದರೆ ನಾನು ಕಂಡದ್ದೇನು? ಶೂಟಿಂಗೋ, ಕನಸೋ, ಮಾವ ನೂರು ಸಲ ಹೇಳಿದ್ದು ತಲೆಯಲ್ಲಿ ಚಿತ್ರವಾಗಿ ಕೂತದ್ದೋ? ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ, ಮಾಲೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತ, ಕಂಡವರ ಮಾತನ್ನೆಲ್ಲ ಅನುಮಾನಿಸುವುದನ್ನೇ ಕಸುಬು ಮಾಡಿಕೊಂಡವನ ತಲೆಯೊಳಗೇ ಒಬ್ಬ ಸುಳ್ಳುಸಾಕ್ಷಿ ಕಾಲು ಚಾಚಿ ಕೂತಿದ್ದಾನೆ. ಇದಕ್ಕಿಂತ ಅವಮಾನ ಬೇಕೇ!

ಆದ್ದರಿಂದ ಮುಂದಿನದರಲ್ಲಿ ಅರ್ಧ ನೆನಪು, ಅರ್ಧ ಬೇರೆಯವರ ಬಾಯಿಂದ ಕೇಳಿದ್ದು. ಯಾವ ಅರ್ಧ ಯಾವುದು ಎಂದು ಕೇಳಬೇಡಿ.

ಮಾವನ ಊರು ಕೋಲಾರದ ಹತ್ತಿರದ ಕ್ಯಾಲನೂರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ತೋಟ ಮಾವನದು, ಹುಳ ಅತ್ತೆಯದು. ಅಂದರೆ ಮಾವ ಬೆಳಿಗ್ಗೆ ಒಂದು ಹೊರೆ ಸೊಪ್ಪು ತಂದು ಹಾಕಿ ಟೀ ಅಂಗಡಿಗೆ ಹೋಗುತ್ತಿದ್ದರು. ಮಿಕ್ಕ ಕೆಲಸವೆಲ್ಲ ಅತ್ತೆ ಮಾಡುತ್ತಿದ್ದರು. ಮಾವ ಆರಡಿಗೂ ಮೇಲೆ. ಆ ಉದ್ದಕ್ಕೆ ತಕ್ಕ ಮೈ ದೇವರು ಕೊಡಲಿಲ್ಲ. ದೂರದಿಂದ ಬರುತ್ತಿದ್ದರೆ ಖಾಲಿ ಅಂಗಿಯೊಂದು ಗಾಳಿಗೆ ನಡೆದು ಬಂದಂತೆ ಕಾಣುತ್ತಿತ್ತು.

ಆ ಕಾಲಕ್ಕೆ ಬೆಂಗಳೂರಿನಿಂದ ಟೀವಿಯವರ ಒಂದು ವ್ಯಾನು ಬಂತು. ವೈಜ್ಞಾನಿಕ ಕಥೆಗಳ ಧಾರಾವಾಹಿ, ವಾರಕ್ಕೊಂದು ಕಥೆ. ಆ ವಾರದ ಕಥೆ ನಡೆಯಬೇಕಾದದ್ದು ನಿರ್ಜನವಾದ ಬೇರೊಂದು ಗ್ರಹದಲ್ಲಿ. ನಿರ್ದೇಶಕರು ಕೋಲಾರದ ಬೆಟ್ಟದ ಬಂಡೆಗಳನ್ನು ನೋಡಿ, "ಅದ್ಭುತ! ಇಲ್ಲಿ ಮನುಷ್ಯರು ಬದುಕೋಕೆ ಸಾಧ್ಯವೇ ಇಲ್ಲ ಅನ್ನಿಸುತ್ತೆ!" ಎಂದು ಚಪ್ಪಾಳೆ ತಟ್ಟಿದರಂತೆ. ಅಲ್ಲೇ ಹುಟ್ಟಿ ಬೆಳೆದ ನಮ್ಮವರು ಸುತ್ತ ನಿಂತಿದ್ದರು. ಹೊಗಳಿದ್ದೆಂದುಕೊಂಡು ಅವರೂ ಚಪ್ಪಾಳೆ ತಟ್ಟಿದರು.

ಟೀ ಅಂಗಡಿಯ ಮುಂದೆ ಮಾವ ನಿಂತಿದ್ದನ್ನು ನಿರ್ದೇಶಕರು ಕಂಡರು. ಮೇಕಪ್ಪಿನ ಖರ್ಚು ಅರ್ಧ ಉಳಿಯಿತು. ಅನ್ಯಗ್ರಹದ ಜೀವಿ ಸಿಕ್ಕಿತು. ಇನ್ನು ಅದು ಬರುವ ಹಡಗು? ಅದೂ ಮಾವನ ಮನೆಯಲ್ಲೇ ಸಿಕ್ಕಿತು! ರೇಷ್ಮೆ ಹುಳ ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ಮೇಲೆ ಗೂಡು ಕಟ್ಟಲು ಅದನ್ನು ಚಂದ್ರಿಕೆಯ ಮೇಲೆ ಬಿಡುತ್ತಾರೆ. ಬಿದಿರಿನ ದೊಡ್ಡ ತಟ್ಟಿ, ಮೇಲೆಲ್ಲ ಸುರುಳಿ ಸುರುಳಿ ಹೆಣಿಗೆ. ಮಾವ ಇದ್ದಬದ್ದ ಚಂದ್ರಿಕೆಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಬೆಟ್ಟಕ್ಕೆ ಹೋದರು. ಅವಕ್ಕೆ ಬೆಳ್ಳಿ ಬಣ್ಣ ಹೊಡೆದು, ಒಂದಕ್ಕೊಂದು ಕಟ್ಟಿ ನಿಲ್ಲಿಸಿದರೆ ಸಾಕ್ಷಾತ್ ಅಂತರಿಕ್ಷ ನೌಕೆ.

ಅತ್ತೆ ಬೆಟ್ಟದ ಬುಡಕ್ಕೆ ಹುಡುಕಿಕೊಂಡು ಬಂದರು.

"ಹುಳ ಹಣ್ಣಾಗ್ತಾ ಐತೆ. ಚಂದ್ರಿಕೆ ಎಲ್ಲಿ?"

ಬೆಳ್ಳಿ ಮುಖದ ಮಾವ ಮೇಲೆ ಕೈ ತೋರಿಸಿದರು. "ಆಕಾಶದಲ್ಲೈತೆ. ನಾಳೆ ಇಳೀತದೆ."

"ಹುಳಕ್ಕೆ ಏನು ಹೇಳ್ಲಿ?"

"ಒಂದಿನ ತಡ್ಕೊಳ್ಳೋಕೆ ಹೇಳು."

ಹುಳ ತಡೆದುಕೊಳ್ಳುತ್ತದೆಯೇ? ಅದಕ್ಕೇನು ಟೀವಿಯ ಹುಚ್ಚೇ? ಮೊಳೆ, ಹಗ್ಗ, ಗೋಡೆಯ ಮೂಲೆ, ಒಣಗಿಹಾಕಿದ ಸೀರೆ, ಎಲ್ಲೆಲ್ಲಿ ಆಸರೆ ಸಿಕ್ಕಿತೋ ಅಲ್ಲಲ್ಲಿ ನೂಲು ಸುರಿಸಿ, ಗೂಡಾಗದೆ, ನೆಲಕ್ಕೆ ಉದುರಿ ಕೊಳೆತವು. ರಾತ್ರಿ ಹಗಲೆನ್ನದೆ ಸೊಪ್ಪು ಹಾಕಿ ಸಾಕಿದ ಬೆಳೆಯನ್ನು ಅತ್ತೆ ತಾವೇ ಗುಡಿಸಿ ತಿಪ್ಪೆಗೆ ಹಾಕಿದರು. ಆಮೇಲೆ ಒಂದು ಬ್ಯಾಗು ಹಿಡಿದುಕೊಂಡು ಶ್ರೀನಿವಾಸಪುರದ ತಮ್ಮನ ಮನೆಗೆ ಹೊರಟರು. ಜಗಳವಾಡಲಿಲ್ಲ. ಜಗಳವಾಡಿದ್ದರೆ ರಾಜಿಯಾದರೂ ಆಗುತ್ತಿತ್ತು.

ಕ್ಯಾಲನೂರಿನಿಂದ ಶ್ರೀನಿವಾಸಪುರಕ್ಕೆ ಹೋಗಲು ಬಸ್ಸುಗಳಿದ್ದವು. ಹತ್ತಿ ಹೋಗಿ, ಬಾಗಿಲಲ್ಲಿ ನಿಂತು, ಎರಡು ಮಾತಾಡಿ ಕರೆದುಕೊಂಡು ಬರಬಹುದಿತ್ತು. ಬೇರೆ ಯಾವ ಗಂಡನಾದರೂ ಹಾಗೇ ಮಾಡುತ್ತಿದ್ದ. ನಮ್ಮ ಮಾವ ಬಾಹ್ಯಾಕಾಶದ ದಾರಿ ಹಿಡಿದರು.

ಶೂಟಿಂಗಿನ ಕೊನೆಯ ದಿನ ನಿರ್ದೇಶಕರು, "ಈಗ ನೀವು ಭೂಲೋಕದವರಿಗೆ ಏನಾದ್ರೂ ಹೇಳ್ಬೇಕು. ಯಾವ ಭಾಷೆಯೂ ಆಗಿರಬಾರದು, ಭಾಷೆಯ ಹಾಗೆ ಇರಬೇಕು" ಎಂದರು. ಮಾವನ ಬಳಿ ಅಂಥದೊಂದು ಸಿದ್ಧವಾಗಿತ್ತು: ಕ-ಭಾಷೆ. ಪ್ರತಿ ಅಕ್ಷರಕ್ಕೂ ಮೊದಲು ಒಂದು 'ಕ' ತಗುಲಿಸುವ ಮಕ್ಕಳಾಟ. 'ಬಾ' ಎಂದರೆ 'ಕಬಾ', 'ಮನೆ' ಎಂದರೆ 'ಕಮಕನೆ'. ನಮ್ಮ ಕಡೆ ಬೀದಿಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು. ಮಾವ ಅತ್ತೆ ಇಬ್ಬರೂ ತೆಲುಗಿಗೇ 'ಕ' ತಗುಲಿಸಿ ಹುರಿಗಡಲೆ ಸಿಡಿದ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಬಂದ ನೆಂಟರಿಗೆ ಊಟಕ್ಕೆ ಹೇಳಬೇಕೇ, ಕಾಫಿ ಕೊಟ್ಟು ಕಳಿಸಬೇಕೇ ಎಂಬ ತೀರ್ಮಾನವೆಲ್ಲ ನೆಂಟರ ಮುಂದೆಯೇ ಆ ಭಾಷೆಯಲ್ಲಿ ನಡೆಯುತ್ತಿತ್ತು. ಆ ವೇಗ ಮೂರನೆಯವರ ಕಿವಿಗೆ ಹತ್ತುತ್ತಿರಲಿಲ್ಲ.

ತಮ್ಮನ ಮನೆಯಲ್ಲಿ ಟೀವಿಯಿದೆ, ಅತ್ತೆ ನೋಡೇ ನೋಡುತ್ತಾರೆ, ಜಗತ್ತಿನಲ್ಲಿ ಅವರೊಬ್ಬರಿಗೇ ಅರ್ಥವಾಗುತ್ತದೆ. ಮಾವ ಕೈಯೆತ್ತಿದರು. ಕ್ಯಾಮೆರಾ ನೋಡಿ, ಹೇಳಬೇಕಾದದ್ದನ್ನು ಹೇಳಿದರು.

ಪ್ರಸಾರದ ದಿನ ಕ್ಯಾಲನೂರಿನಲ್ಲಿ ಕರೆಂಟು ಹೋಯಿತು. ಅಮ್ಮ ಹೇಳುವ ಹಾಗೆ ನಾವೂ ಸೇರಿ, ಊರಿಗೆ ಊರೇ ಕಪ್ಪು ಟೀವಿಯ ಮುಂದೆ ಕೂತು ಎದ್ದು ಹೋಯಿತು. ಆಮೇಲೆ ಅದು ಮರುಪ್ರಸಾರವಾಗಲಿಲ್ಲ; ಟೇಪನ್ನು ಅಳಿಸಿ ಅದರ ಮೇಲೆ ಬೇರೇನೋ ತುಂಬಿದರಂತೆ. ಶ್ರೀನಿವಾಸಪುರದಲ್ಲಿ ಕರೆಂಟಿತ್ತು. ಅತ್ತೆ ನೋಡಿದರು. ಬರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ, ನಮ್ಮ ವಂಶದ ಮಹಾ ವ್ಯಾಜ್ಯ! "ಇಡೀ ರಾಜ್ಯದ ಎದುರಿಗೆ ಮನೆಗೆ ಬಾ ಅಂತ ಕರ್ದೆ ಕಣ್ಲಾ. ಬರ್ಲಿಲ್ಲ. ಕಲ್ಲು ಅವ್ಳು" ಎಂದು ಮಾವ. "ಕರೆದಿದ್ರೆ ಬರ್ತಿರ್ಲಿಲ್ವಾ? ಗಂಟಲಲ್ಲಿ ಮುಳ್ಳು ಸಿಕ್ಕಿದೋನ ಥರ ಅಕ್ ಅಕ್ ಅಂದ. ಅಷ್ಟೆ" ಎಂದು ಅತ್ತೆ. ಇಬ್ಬರಿಗೂ ಕೂದಲು ಬೆಳ್ಳಗಾಗುವವರೆಗೆ ಇದೇ. ಅತ್ತೆ ಅಲ್ಲಿ, ಮಾವ ಇಲ್ಲಿ. ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಬಸ್ಸಿನಲ್ಲಿ ಒಂದು ಬುಟ್ಟಿ ಬರುತ್ತಿತ್ತು, ಯಾರು ಕಳಿಸಿದ್ದೆಂದು ಹೆಸರಿರುತ್ತಿರಲಿಲ್ಲ. ಮಾವ ಓಟೆಯನ್ನೂ ಬಿಡದೆ ಚೀಪಿ, "ಹುಳಿ" ಎನ್ನುತ್ತಿದ್ದರು.

ಮುಳಬಾಗಿಲಿನಲ್ಲಿ ಒಂದು ಮದುವೆ. ಯಾರೋ ಪುಣ್ಯಾತ್ಮರು ಇಬ್ಬರನ್ನೂ ಊಟಕ್ಕೆ ಎದುರುಬದುರು ಸಾಲಿನಲ್ಲಿ ಕೂರಿಸಿಬಿಟ್ಟಿದ್ದರು. ನಾನು ನಡುವೆ ಸಾರು ಬಡಿಸುತ್ತಿದ್ದೆ.

"ಏನ್ಲಾ ಪ್ರೊಫೆಸರು, ಟೀವೀಲಿ ನೋಡಿದೆ ಅಂತೀಯಲ್ಲ, ಹೇಳು ಅವ್ಳಿಗೆ. ಏನಂದೆ ನಾನು?"

"ಹೇಳಪ್ಪ," ಎಂದರು ಅತ್ತೆ. "ಓದಿರೋನು ನೀನು, ಸುಳ್ಳು ಹೇಳಲ್ಲ."

ಇಬ್ಬರೂ ಕೈಯಲ್ಲಿ ತುತ್ತು ಹಿಡಿದು ನನ್ನನ್ನೇ ನೋಡುತ್ತಿದ್ದರು. ಇದು ತಮಾಷೆಯಲ್ಲ, ಇವರ ಮಿಕ್ಕ ಬಾಳೆಲ್ಲ ನನ್ನ ಒಂದು ಮಾತಿಗೆ ಕಾದಿದೆ ಎಂದು ಆಗ ಹೊಳೆಯಿತು. ಆದರೆ ನನ್ನ ನೆನಪಿನಲ್ಲಿ ಬೆಳ್ಳಿಯ ಮಾವ ಕೈಯೆತ್ತಿ ಬಾಯಿ ಆಡಿಸುತ್ತಾರೆ, ದನಿಯೇ ಇಲ್ಲ.

"ಖಚಿತವಾಗಿ ಹೇಳೋಕಾಗಲ್ಲ," ಎಂದೆ.

"ಥೂ! ಇದಕ್ಕಾ ನಿಮ್ಮಪ್ಪ ನಿನ್ನ ಓದಿಸಿದ್ದು?" ಎಂದರು ಮಾವ. ಅಪರೂಪಕ್ಕೆ ಅತ್ತೆಯೂ ಅವರ ಮಾತಿಗೆ ತಲೆಯಾಡಿಸಿದರು. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಒಂದೇ ಸಂಗತಿ ಅದು!

ಮಾವ ತೀರಿಕೊಂಡರು. ಅತ್ತೆ ಬಂದರು, ಮೂಲೆಯಲ್ಲಿ ಕೂತರು, ಸಂಜೆಯ ಬಸ್ಸಿಗೆ ಹೋದರು.

ಮಾವ ಮಣ್ಣಾದ ಮೇಲೆಯೇ ಮಾವನಿಗೆ ಕೀರ್ತಿ ಬರಬೇಕೇ? ಯಾರೋ ಸಂಗ್ರಹಪ್ರಿಯರು ಆ ಕಾಲದಲ್ಲೇ ಮನೆಯ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ ಕಂತು ಅಂತರ್ಜಾಲದಲ್ಲಿ ಪ್ರತ್ಯಕ್ಷವಾಯಿತು. ಕನ್ನಡದ ವೈಜ್ಞಾನಿಕ ಕಥನದ ಮೈಲಿಗಲ್ಲಂತೆ! 'ಅಕ್ ಅಕ್' ಎಂದು ಬರೆದ ಟೀಶರ್ಟುಗಳು ಬಂದವು. ನರಸಾಪುರದ ಕಂಪನಿ ಬಸ್ಸಿನಲ್ಲಿ ಒಬ್ಬ ಹುಡುಗನ ರಿಂಗ್‌ಟೋನು ನಮ್ಮ ಮಾವ. ಕೋಲಾರದ ಬೆಟ್ಟದಲ್ಲಿ ಬೆಂಗಳೂರಿನವರು ಕೈಯೆತ್ತಿ ಸೆಲ್ಫಿ ತೆಗೆದುಕೊಂಡು, ಬಿಸ್ಕತ್ತಿನ ಕಾಗದ ಅಲ್ಲೇ ಬಿಸಾಡಿ ಹೋಗತೊಡಗಿದರು. ಬೇರೆ ಗ್ರಹವಲ್ಲವೇ, ಗುಡಿಸುವವರು ಯಾರು?

ಬೆಂಗಳೂರಿನಲ್ಲಿ ಒಂದು ಸಂವಾದವೂ ನಡೆಯಿತು. ನಾನೂ ಹೋದೆ. ಮೊದಲು ಒಬ್ಬ ವಿದ್ವಾಂಸರು ಆ ಭಾಷೆಯಲ್ಲಿ ದ್ರಾವಿಡಪೂರ್ವ ಛಾಯೆ ಕಂಡಿದ್ದಾಗಿ ಪ್ರಬಂಧ ಓದಿದರು. ಆಮೇಲೆ ಮುದಿ ನಿರ್ದೇಶಕರು ಶಾಲು ಹೊದ್ದು, ಹಾರ ಹಾಕಿಸಿಕೊಂಡು ಎದ್ದರು. "ಆ ಭಾಷೆ ನನ್ನ ಸೃಷ್ಟಿ. ಅಲ್ಲಿಯ ಒಬ್ಬ ಹಳ್ಳಿಯವನು ಏನೋ ಬಡಬಡಿಸಿದ್ದ. ತೆಲುಗಿನ ವಾಸನೆ ಹೊಡೀತಿತ್ತು. ಸೌಂಡಿನವರಿಗೆ ಹೇಳಿ ಟೇಪನ್ನ ಉಲ್ಟಾ ಓಡಿಸಿದೆ. ಅನ್ಯಲೋಕದ ಭಾಷೆ ಹುಟ್ಟಿತು!"

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾನು ಕೂತೇ ಇದ್ದೆ. ಉಲ್ಟಾ! ಅಂದರೆ ಮಾವ ಹೇಳಿದ್ದೂ ನಿಜ, ಅತ್ತೆಗೆ ಕೇಳಿಸದಿದ್ದದ್ದೂ ನಿಜ. ಇಬ್ಬರೂ ಸುಳ್ಳು ಹೇಳದೆಯೇ ಒಂದಿಡೀ ಸಂಸಾರ ಸುಟ್ಟುಹೋಗಿತ್ತು. ಅದರ ಮೇಲೆ ಈ ನಿರ್ದೇಶಕರು ಶಾಲು ಹೊದ್ದಿದ್ದರು.

ಫೋನಿನಲ್ಲಿ ದನಿಯನ್ನು ತಿರುಗಿಸಿ ಹಾಕುವುದು ಈಗ ಮಕ್ಕಳಾಟ. ಹಾಕಿದೆ. 'ಅಕ್ ಅಕ್' ಹೋಗಿ ಮಾವನ ದನಿ ಬಂತು, ಹರೆಯದ ದನಿ. ಕಕಕ ಎಂದು ಒಂದೇ ಉಸಿರಿಗೆ ಓಡುತ್ತಿತ್ತು. ನನಗೆ ಒಂದಕ್ಷರ ದಕ್ಕಲಿಲ್ಲ. ಅದು ದಕ್ಕುವ ಕಿವಿ ಇನ್ನು ಒಂದೇ ಉಳಿದಿತ್ತು. ಮರುದಿನವೇ ಶ್ರೀನಿವಾಸಪುರದ ಬಸ್ಸು ಹತ್ತಿದೆ.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ವಿಷಯವೆಲ್ಲ ಹೇಳಿ ಫೋನನ್ನು ಕಿವಿಗೆ ಹಿಡಿದೆ. ಸುಲಿಯುತ್ತಿದ್ದ ಕೈ ನಿಂತಿತು.

"ಇನ್ನೊಂದ್ಸಲ ಹಾಕು."

ಹಾಕಿದೆ.

"ಹೂಂ. ಇಂಟಿಕಿ ರಾವೇ, ಮನೆಗೆ ಬಾ ಅಂದವ್ರೆ. ನಿಜಾನೇ."

ಅತ್ತೆ ಮಾವನನ್ನು 'ಅವರು' ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ಆದರೆ ಅನುಮಾನದ ಪ್ರಾಣಿ ಸುಮ್ಮನಿರಬೇಕಲ್ಲ! "ಅತ್ತೆ, ಅವರ ಮಾತು ಇದಕ್ಕಿಂತ ಉದ್ದ ಇದೆ. ಅದಕ್ಕೆ ಮುಂಚೆ ಏನೋ ಅಂದಿದಾರೆ."

"ಅಂದವ್ರೆ."

"ಏನು?"

ಅತ್ತೆ ಮೊರ ಎತ್ತಿಕೊಂಡು ಎದ್ದರು. "ಅದು ನಂಗೆ ಹೇಳಿದ್ದು ಕಣೋ. ನಿಂಗಲ್ಲ." ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಕಾಫಿಯನ್ನು ಅವರ ತಮ್ಮನ ಸೊಸೆ ತಂದುಕೊಟ್ಟಳು.

ಟೀವಿ ನೋಡಿದೆನೋ ಇಲ್ಲವೋ, ಮದುವೆಯಲ್ಲಿ ಬಡಿಸಿದ್ದು ಸಾರೋ ಹುಳಿಯೋ, ಮಾವ ಅಂದದ್ದು 'ಕಲ್ಲು' ಎಂದೋ ಇನ್ನೇನೋ, ಇದರಲ್ಲಿ ಯಾವುದಕ್ಕೂ ನಾನು ಜವಾಬ್ದಾರನಲ್ಲ. ಮಾಲೂರಿಗೆ ಬಂದು ಬಾಗಿಲು ಹಾಕಿಕೊಂಡು, ದನಿಯನ್ನು ನಿಧಾನ ಮಾಡಿ, ಒಂದೊಂದೇ 'ಕ'ವನ್ನು ಕಿತ್ತು ಹಾಕಿ ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡದ್ದು ಇದೊಂದೇ: ಸಾಯುವವರೆಗೆ ಮಾವ ಯಾರಿಗೂ ಹೇಳದೆ ಬಿಟ್ಟದ್ದು, 'ಮನೆಗೆ ಬಾ' ಎನ್ನುವುದಕ್ಕೆ ಮೊದಲು ಅವರು ಆಡಿದ ಮಾತು, "ತಪ್ಪು ನಾದೇ." ತಪ್ಪು ನನ್ನದೇ.